ಮುಂದಿನ ಬಾಬಿನ್, ಮೇಲಿನ ಬಾಬಿನ್: ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ನನ್ನ ಹತ್ತಿರ ಎರಡು ಹೊಲಿಗೆ ಮಿಷಿನ್ ಇವೆ. ಮೊದಲನೆಯದಕ್ಕೆ 11 ವರ್ಷ. ಅದರಲ್ಲಿ ಬಾಬಿನ್ ಅನ್ನು, ಅಂದರೆ ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆಯನ್ನು, ಲೋಹದ ಕೇಸಿಗೆ ಹಾಕಿ, ಮುಂದಿನ ಬಾಗಿಲು ತೆಗೆದು, ಟಕ್ ಅನ್ನುವವರೆಗೆ ಒಳಗೆ ಒತ್ತಬೇಕು. ಎರಡನೆಯದಕ್ಕೆ 5 ವರ್ಷ. ಅದರಲ್ಲಿ ಸೂಜಿಯ ಮುಂದಿರುವ ಗಾಜಿನಂಥ ಮುಚ್ಚಳ ಸರಿಸಿ, ಮೇಲಿಂದ ಬಾಬಿನ್ ಇಳಿಸಿದರೆ ಆಯ್ತು. ಕೊಳ್ಳುವಾಗ ಎಲ್ಲರೂ ಎಷ್ಟು ಥರದ ಹೊಲಿಗೆ ಬರುತ್ತದೆ ಅಂತ ಕೇಳುತ್ತಾರೆ. ನಾನೂ ಅದನ್ನೇ ಕೇಳಿದ್ದೆ. ಈಗ ಕೇಳುವುದಾದರೆ ಮೊದಲು ಕೇಳುವುದು ಒಂದೇ: ಬಾಬಿನ್ ಎಲ್ಲಿ ಕೂರುತ್ತದೆ, ಅದರ ಟೆನ್ಶನ್, ಅಂದರೆ ದಾರದ ಬಿಗಿತ, ನನ್ನ ಕೈಗೆ ಸಿಗುತ್ತದಾ?

ಕೆಳಗೆ ನಡೆಯುವುದನ್ನು ಒಮ್ಮೆ ನಿಧಾನವಾಗಿ ಚಕ್ರ ತಿರುಗಿಸಿ ನೋಡಿ. ಸೂಜಿ ಪೂರ್ತಿ ಇಳಿದು ಒಂದೆರಡು ಮಿಲಿಮೀಟರ್ ಮೇಲೇರಿದಾಗ ಅದರ ಬೆನ್ನಿಗೆ ದಾರ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಬಾಬಿನ್ ಸುತ್ತ ಇರುವ ಕೊಕ್ಕೆಯ, ಅಂದರೆ ಹುಕ್ಕಿನ, ಮೂತಿ ಆ ಕುಣಿಕೆಗೆ ತೂರಿ, ಅದನ್ನು ಎಳೆದು, ಇಡೀ ಬಾಬಿನ್ ಸುತ್ತ ದಾಟಿಸುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಮಿಷಿನ್‌ನಲ್ಲಿ ಕೆಳಗಿನ ದಾರ ಮಗ್ಗದ ಲಾಳಿಯಂಥ ಶಟಲ್‌ನಲ್ಲಿ ಅತ್ತಿತ್ತ ಓಡುತ್ತಿತ್ತು. 1851ರಲ್ಲಿ ಆಲನ್ ವಿಲ್ಸನ್ ತಿರುಗುವ ಹುಕ್ಕಿಗೆ ಪೇಟೆಂಟ್ ಪಡೆದರು. ಲಾಳಿ ಹೋದರೂ ನಮ್ಮ ಬಾಯಲ್ಲಿ ಶಟಲ್ ಅನ್ನುವ ಹೆಸರು ಉಳಿದಿದೆ. ನನ್ನ ಹಳೆಯ ಮಿಷಿನ್‌ನ ಹುಕ್ ಅರ್ಧ ಸುತ್ತು ಹೋಗಿ ವಾಪಸ್ ಬರುತ್ತದೆ. ಜೋರಾಗಿ ಹೊಲಿದಾಗ ಟಕಟಕ ಸದ್ದು, ಮೇಜೂ ಸ್ವಲ್ಪ ಅದುರುತ್ತದೆ. ಹೊಸದರ ಹುಕ್ ಒಂದೇ ದಿಕ್ಕಿಗೆ ತಿರುಗುತ್ತಲೇ ಇರುತ್ತದೆ. ಸದ್ದು ಕಮ್ಮಿ, ಓಟ ನಯ.

ದಿನದ ಕೆಲಸಕ್ಕೆ ಮೇಲಿನ ಬಾಬಿನ್ ತುಂಬಾ ಅನುಕೂಲ. ಎಷ್ಟು ದಾರ ಉಳಿದಿದೆ ಅಂತ ಮುಚ್ಚಳದಲ್ಲೇ ಕಾಣುತ್ತದೆ. ಉದ್ದದ ಅಂಚು ಮಡಚಿ ಹೊಲಿಯುವಾಗ ಇನ್ನೊಂದು ಗೇಣು ಇದೆ ಅನ್ನುವಷ್ಟರಲ್ಲಿ ದಾರ ಮುಗಿದರೆ ಎಷ್ಟು ಬೇಸರ ಅಲ್ವಾ? ಹಳೆಯದರಲ್ಲಿ ಅದು ಗೊತ್ತಾಗುವುದೇ ಇಲ್ಲ. ಸೂಜಿ ಸುಮ್ನೆ ತೂತು ಹಾಕುತ್ತಾ ಹೋಗಿರುತ್ತದೆ.

ಆದರೆ ಟೆನ್ಶನ್ ವಿಷಯಕ್ಕೆ ಬಂದರೆ ನನ್ನ ಮನಸ್ಸು ಹಳೆಯದರ ಕಡೆಗೇ. ಲೋಹದ ಕೇಸನ್ನು ಹೊರಗೆ ತೆಗೆಯಬಹುದು, ದಾರ ಹಿಡಿದು ಗಾಳಿಯಲ್ಲಿ ತೂಗಿ ಬಿಡಬಹುದು. ಕೇಸು ತಾನಾಗಿ ಜಾರಬಾರದು. ಕೈಯನ್ನು ಒಂದು ಸಲ ಮೆಲ್ಲಗೆ ಜಗ್ಗಿದರೆ ನಾಲ್ಕೈದು ಸೆಂಟಿಮೀಟರ್ ಇಳಿದು ನಿಲ್ಲಬೇಕು. ಸರ್ರನೆ ಇಳಿದರೆ ಲೂಸು. ಜಗ್ಗಿದರೂ ಕದಲದಿದ್ದರೆ ಟೈಟು. ಬದಿಯ ತಗಡಿನ ಮೇಲಿನ ಸಣ್ಣ ಸ್ಕ್ರೂವನ್ನು ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟೇ ತಿರುಗಿಸಿ ಮತ್ತೆ ತೂಗಿ ನೋಡುತ್ತೇನೆ. ಅದಕ್ಕಿಂತ ಜಾಸ್ತಿ ಒಮ್ಮೆಲೇ ತಿರುಗಿಸಬೇಡಿ, ಸ್ಕ್ರೂ ಬಿದ್ದು ಕಳೆದುಹೋದೀತು. ಹೊಸದರಲ್ಲೂ ಕಪ್ಪು ಪ್ಲಾಸ್ಟಿಕ್ ಕೇಸಿನ ಮೇಲೆ ಇಂಥ ಸ್ಕ್ರೂ ಇದೆ. ಅದನ್ನು ಮುಟ್ಟಲು ಸೂಜಿಯ ಕೆಳಗಿನ ತಟ್ಟೆ ಬಿಚ್ಚಬೇಕು, ಕೇಸು ಎತ್ತಬೇಕು. ಆ ಕೆಲಸಕ್ಕೆ ಬೇಸತ್ತು ಎಷ್ಟೋ ಸಲ ಮೇಲಿನ ದಾರದ ಟೆನ್ಶನ್ ಮಾತ್ರ ಬದಲಿಸಿ ಹೊಲಿದಿದ್ದೇನೆ.

ಪ್ಲಾಸ್ಟಿಕ್ ಕೇಸಿನ ಇನ್ನೊಂದು ತೊಂದರೆ ನನಗೆ ತಿಳಿದದ್ದು ಮೂರನೇ ವರ್ಷ. ದಪ್ಪ ಬಟ್ಟೆಯ ನಾಲ್ಕು ಪದರ ಹೊಲಿಯುವಾಗ ಸೂಜಿ ಮುರಿಯಿತು. ಸೂಜಿ ಬದಲಿಸಿದೆ, ಹೊಲಿಗೆಯೂ ಬಂತು. ಆದರೆ ಅವತ್ತಿನಿಂದ ಹತ್ತಿಪ್ಪತ್ತು ಹೊಲಿಗೆಗೊಮ್ಮೆ ದಾರ ಸಿಕ್ಕಿಕೊಳ್ಳುತ್ತಿತ್ತು. ದಾರ ಬದಲಿಸಿದೆ, ಮತ್ತೊಮ್ಮೆ ಸೂಜಿ ಬದಲಿಸಿದೆ, ಎರಡು ವಾರ ಒದ್ದಾಡಿದೆ. ಕೊನೆಗೆ ಕೇಸು ಎತ್ತಿ ಅದರ ಅಂಚಿನ ಮೇಲೆ ಉಗುರು ಆಡಿಸಿದಾಗ ಒಂದು ಕಡೆ ತಡೆಯಿತು. ಮುರಿದ ಸೂಜಿ ಬಡಿದು ಸಾಸಿವೆಗಿಂತ ಸಣ್ಣ ಗೀರು ಬಿದ್ದಿತ್ತು. ದಾಟುವ ಕುಣಿಕೆ ಅಲ್ಲೇ ಸಿಕ್ಕುತ್ತಿತ್ತು. ಹೊಸ ಕೇಸು ಹಾಕಿದ ಮೇಲೆ ಸರಿಹೋಯಿತು. ಈಗ ಸೂಜಿ ಮುರಿದರೆ ಮೊದಲು ಕೇಸಿನ ಅಂಚನ್ನೇ ಮುಟ್ಟಿ ನೋಡುತ್ತೇನೆ.

ಬಾಬಿನ್ ಅಳತೆಯಲ್ಲಿ ರಾಜಿ ಬೇಡ. ನೋಡಲು ಎಲ್ಲವೂ ಒಂದೇ ಥರ. ಕ್ಲಾಸ್ 15, ಕ್ಲಾಸ್ 66, ಎಲ್ ಅನ್ನುವುದು ಅಳತೆಯ ಹೆಸರುಗಳು. ಕ್ಲಾಸ್ 15 ಬಾಬಿನ್‌ನ ಎರಡೂ ಬದಿ ಸಪಾಟಾಗಿರುತ್ತದೆ. ಕ್ಲಾಸ್ 66ರ ಬದಿಗಳು ಸ್ವಲ್ಪ ಉಬ್ಬಿರುತ್ತವೆ. ಎಲ್ ಬಾಬಿನ್‌ನ ಅಗಲ ಕ್ಲಾಸ್ 15ರಷ್ಟೇ, 20 ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ, ಎತ್ತರ ಮಾತ್ರ 9ರ ಹತ್ತಿರ. ಕ್ಲಾಸ್ 15ರದ್ದು 11ಕ್ಕಿಂತ ಜಾಸ್ತಿ. ಒಮ್ಮೆ ಬೇರೆಯವರಿಂದ ತಂದ ಬಾಬಿನ್ ಹಾಕಿದ್ದೆ. ಕೂತಿತು, ಆದರೆ ಒಳಗೆ ಗಡಗಡ ಅಂದು ಹೊಲಿಗೆ ಒಂದು ಬಿಗಿ ಒಂದು ಸಡಿಲ ಬಂತು. ಪ್ಲಾಸ್ಟಿಕ್ ಬಾಬಿನ್‌ಗೆಂದೇ ಮಾಡಿದ ಮಿಷಿನ್‌ಗೆ ಲೋಹದ್ದು ಹಾಕಬೇಡಿ. ಭಾರ ಬದಲಾದರೆ ಟೆನ್ಶನ್ನೂ ಬದಲಾಗುತ್ತದೆ. ದಾರ ತಿರುಗುವ ದಿಕ್ಕನ್ನೂ ನೋಡಿಕೊಳ್ಳಿ. ದಾರ ಎಳೆದಾಗ ನನ್ನ ಹಳೆಯದರಲ್ಲಿ ಬಾಬಿನ್ ಗಡಿಯಾರದ ಮುಳ್ಳಿನಂತೆ ತಿರುಗಬೇಕು, ಹೊಸದರಲ್ಲಿ ಅದಕ್ಕೆ ಉಲ್ಟಾ.

ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ ಬೈಯುತ್ತಾರೆ. ತಪ್ಪು ಇರುವುದು ಹೆಚ್ಚಾಗಿ ಮೇಲಿನ ದಾರದಲ್ಲಿ. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಇಳಿಸಿಟ್ಟು ದಾರ ಪೋಣಿಸಿದರೆ, ಮೇಲಿನ ದಾರವನ್ನು ಬಿಗಿಹಿಡಿಯುವ ಟೆನ್ಶನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ. ಪಾದ ಎತ್ತಿ ಮತ್ತೆ ಪೋಣಿಸಿ. ಬಾಬಿನ್ ಸುತ್ತುವಾಗಲೂ ಅವಸರ ಬೇಡ. ಪಾಲಿಯೆಸ್ಟರ್ ದಾರವನ್ನು ಜೋರಾಗಿ ಸುತ್ತಿದರೆ ಎಳೆದು ಹಿಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿ ಬಟ್ಟೆ ಸುಕ್ಕಾಗುತ್ತದೆ.

ನಾಲ್ಕೈದು ಬಾಬಿನ್ ಖಾಲಿಯಾದಾಗ ಎರಡರಲ್ಲೂ ಬ್ರಷ್‌ನಿಂದ ನಾರು ತೆಗೆಯುತ್ತೇನೆ. ಹಳೆಯದರ ಹುಕ್ ಕೂರುವ ಜಾಗಕ್ಕೆ ಒಂದೇ ತೊಟ್ಟು ಎಣ್ಣೆ. ಹೊಸದರ ಪ್ಲಾಸ್ಟಿಕ್ ಕೇಸಿಗೆ ಎಣ್ಣೆ ಇಲ್ಲ.

ಹೊಸದಾಗಿ ಕಲಿಯುವವರಿಗೆ, ಬಟ್ಟೆ ರಿಪೇರಿ ಮಾಡಿಕೊಳ್ಳುವವರಿಗೆ ನಾನು ಮೇಲಿನ ಬಾಬಿನ್ ಮಿಷಿನ್ನನ್ನೇ ಹೇಳುತ್ತೇನೆ. ಬೇರೆ ಬೇರೆ ದಪ್ಪದ ದಾರ ಬಳಸುವವರಾದರೆ ಲೋಹದ ಕೇಸಿನದನ್ನು ನೋಡಿ. ನನ್ನ ಹಳೆಯದಕ್ಕೆ ಎರಡು ಕೇಸು ಇಟ್ಟುಕೊಂಡಿದ್ದೇನೆ. ಒಂದರ ಸ್ಕ್ರೂ ಮಾಮೂಲಿ ದಾರಕ್ಕೆ ಹೊಂದಿಸಿದ್ದು, ಅದನ್ನು ಮುಟ್ಟುವುದೇ ಇಲ್ಲ. ಇನ್ನೊಂದು ಕಸೂತಿಯ ದಪ್ಪ ದಾರಕ್ಕೆ. ಅದರ ಬೆನ್ನ ಮೇಲೆ ಕೆಂಪು ನೇಲ್ ಪಾಲಿಶ್‌ನ ಚುಕ್ಕಿ ಇದೆ.