ಮಾರಾಟಕ್ಕೆ ಮನೆ ತೋರಿಸುವ ಮುನ್ನ ಕೀಲಿಕೈ ಮತ್ತು ಕಾಗದಪತ್ರಗಳ ಬಗ್ಗೆ ಎಚ್ಚರ ವಹಿಸಿ

ಖಾಲಿ ಬಿದ್ದಿರುವ ಮನೆಯನ್ನು ಮಾರಲು ಹೊರಟವರು, ಅದರಲ್ಲೂ ಆ ಊರಿನಿಂದ ದೂರದಲ್ಲಿ ನೆಲೆಸಿರುವವರು, ಸುಣ್ಣಬಣ್ಣಕ್ಕೆ ಕೈಹಾಕುವ ಮೊದಲೇ ಮನೆಯ ಕೀಲಿಕೈ ಯಾರ ಬಳಿ ಇರಬೇಕು, ಒಳಗೆ ಯಾವ ಕಾಗದಗಳು ಉಳಿಯಬಾರದು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ತಂದೆಯವರ ಮನೆಯನ್ನು ಮಾರಾಟಕ್ಕೆ ತೋರಿಸುತ್ತಿದ್ದಾಗ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ. ಇದೇ ಮೋಸ ಇನ್ನೊಬ್ಬರ ಮನೆಯಲ್ಲಿ ನಡೆಯಬಾರದು ಎಂಬುದಷ್ಟೇ ನನ್ನ ಉದ್ದೇಶ.

ತಂದೆಯವರು ತೀರಿಕೊಂಡ ಮೇಲೆ ಖಾತೆ ತಾಯಿಯವರ ಹೆಸರಿಗೆ ಬಂದಿತ್ತು. ಅವರು ಪುಣೆಯಲ್ಲಿ ನನ್ನ ಜೊತೆಗಿದ್ದಾರೆ. ಪರಿಚಯದವರು ಸೂಚಿಸಿದ ಒಬ್ಬ ಬ್ರೋಕರ್ ಮನೆ ತೋರಿಸುವ ಹೊಣೆ ವಹಿಸಿಕೊಂಡರು. ಪೂರ್ತಿ ಬರಿದಾದ ಮನೆ ಬಿಕೋ ಎನ್ನುತ್ತದೆ, ಸಂಸಾರ ಇದ್ದ ಕಳೆ ಕಾಣಬೇಕು ಎಂದು ಹೇಳಿ ಅವರು ದಿವಾನ, ಬೀರು, ಗೋಡೆಯ ಮೇಲಿನ ಮನೆಮಂದಿಯ ಫೋಟೊ ಎಲ್ಲವನ್ನೂ ಹಾಗೆಯೇ ಬಿಡಿಸಿದರು. ಬಂದವರಿಗೆ ನಂಬಿಕೆ ಬರಲೆಂದು ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಕರೆಂಟ್ ಬಿಲ್ಲುಗಳ ಜೆರಾಕ್ಸ್ ಪ್ರತಿಗಳ ಫೈಲೊಂದನ್ನು ಟೀಪಾಯಿಯ ಮೇಲೆ ಇರಿಸಿಕೊಂಡರು. ಕೀಲಿಕೈ ಅವರ ಬಳಿಯೇ ಇತ್ತು. ಮೈಸೂರು, ಬೆಂಗಳೂರುಗಳಲ್ಲಿ ದೂರದ ಮಾಲೀಕರ ಮನೆಗಳನ್ನು ತೋರಿಸುವುದು ಹೆಚ್ಚಾಗಿ ಹೀಗೆಯೇ.

ಕೆಲವು ವಾರಗಳ ನಂತರ ಎದುರು ಮನೆಯವರು ತಾಯಿಗೆ ಫೋನ್ ಮಾಡಿ, "ಏನ್ರೀ, ಮನೆ ಲೀಸಿಗೆ ಕೊಟ್ಟುಬಿಟ್ರಂತೆ, ನಮಗೊಂದು ಮಾತೂ ಹೇಳಲಿಲ್ಲವಲ್ಲ" ಎಂದರು. ನಾನು ಹೋಗಿ ನೋಡಿದಾಗ ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಹಸಿರಾಗಿತ್ತು, ಅಡುಗೆಮನೆಯ ಕಟ್ಟೆಯ ಮೇಲೆ ಹಾಲು ಉಕ್ಕಿಸಿದ ಗುರುತಿತ್ತು, ಹಜಾರದ ತುಂಬ ಬಿಚ್ಚದ ಗಂಟುಮೂಟೆಗಳಿದ್ದವು. ಒಳಗಿದ್ದದ್ದು ಇಬ್ಬರು ಚಿಕ್ಕ ಮಕ್ಕಳಿರುವ ಒಂದು ಸಂಸಾರ. ಬ್ರೋಕರ್ ಕಡೆಯಿಂದ ಮನೆ ತೋರಿಸಲು ಬರುತ್ತಿದ್ದ ಹುಡುಗನೊಬ್ಬ, ಮನೆಯನ್ನು ಮೂರು ವರ್ಷಕ್ಕೆ ಭೋಗ್ಯಕ್ಕೆ ಕೊಡಿಸುವುದಾಗಿ ಹೇಳಿ ಅವರಿಂದ ದೊಡ್ಡ ಮೊತ್ತ ಪಡೆದು, ಛಾಪಾ ಕಾಗದದ ಮೇಲೆ ಕರಾರು ಬರೆಸಿ, ಕೀಲಿಕೈಯನ್ನೂ ಕೊಟ್ಟು ಹೋಗಿದ್ದ. ಕರಾರಿನ ಕೊನೆಯಲ್ಲಿ ತಾಯಿಯ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಸಹಿ ಇತ್ತು. ನಮ್ಮ ತಾಯಿ ಬ್ಯಾಂಕಿನಲ್ಲಾಗಲಿ ಪಿಂಚಣಿಯ ಕಾಗದದಲ್ಲಾಗಲಿ ಕನ್ನಡದಲ್ಲಲ್ಲದೆ ಸಹಿ ಹಾಕಿದವರೇ ಅಲ್ಲ.

ಇಷ್ಟು ದೊಡ್ಡ ಹಣವನ್ನು ಹೇಗೆ ನಂಬಿ ಕೊಟ್ಟಿರಿ ಎಂದು ಕೇಳಿದಾಗ ಮನೆಯ ಯಜಮಾನರು ಗೋಡೆಯತ್ತ ಕೈ ತೋರಿಸಿದರು. ಆ ಹುಡುಗ ನಮ್ಮ ಫೋಟೊದಲ್ಲಿ ತಾಯಿಯವರನ್ನು ತೋರಿಸಿ, ಇವರೇ ಓನರ್, ಮಗನ ಮನೆಯಲ್ಲಿದ್ದಾರೆ, ಓಡಾಡಲು ಆಗುವುದಿಲ್ಲ, ಅದಕ್ಕೇ ಎಲ್ಲವನ್ನೂ ನನಗೆ ಒಪ್ಪಿಸಿದ್ದಾರೆ ಎಂದಿದ್ದನಂತೆ. ಫೈಲಿನಲ್ಲಿದ್ದ ಕಂದಾಯದ ರಸೀದಿಯಲ್ಲೂ ಅದೇ ಹೆಸರು, ಕರೆಂಟ್ ಬಿಲ್ಲಿನಲ್ಲೂ ಅದೇ ಹೆಸರು. ಅವರು ತಮ್ಮ ಮಟ್ಟಿಗೆ ವಿಚಾರಿಸಿಯೂ ಇದ್ದರು: ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ತೆಗೆಸಿ ನೋಡಿದಾಗ ಯಾವ ತಕರಾರೂ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಎದುರಿಗಿರುವ ವ್ಯಕ್ತಿಗೆ ಮಾಲೀಕರು ಅಧಿಕಾರ ಕೊಟ್ಟಿದ್ದಾರೆಯೇ ಎಂಬುದನ್ನು ಅದು ಹೇಳುವುದಿಲ್ಲ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಆದರೆ ಲೀಸಿನ ಕರಾರುಗಳು ಬರೀ ಛಾಪಾ ಕಾಗದದ ಮೇಲೆಯೇ ಮುಗಿದುಹೋಗುವುದು ನಮ್ಮಲ್ಲಿ ತೀರ ಸಾಮಾನ್ಯ. ನಮ್ಮ ಮನೆಯ ಈ ಕರಾರು ಸಹ ಹೀಗಾಗಿಯೇ ಯಾವ ದಾಖಲೆಯಲ್ಲೂ ಕಾಣಲಿಲ್ಲ.

ಬ್ರೋಕರ್, ಆ ಹುಡುಗ ನಮ್ಮವನೇ ಅಲ್ಲ ಎಂದು ಕೈತೊಳೆದುಕೊಂಡರು. ವಂಚನೆ ಮತ್ತು ಖೋಟಾ ದಾಖಲೆಗೆ ಸಂಬಂಧಿಸಿದ ಭಾರತೀಯ ನ್ಯಾಯ ಸಂಹಿತೆಯ 318 ಮತ್ತು 336ನೇ ಕಲಮುಗಳ ಅಡಿಯಲ್ಲಿ ದೂರು ದಾಖಲಾಯಿತು. ಆದರೆ ಒಳಗಿದ್ದವರನ್ನು ಬಲವಂತವಾಗಿ ಹೊರಹಾಕುವಂತಿರಲಿಲ್ಲ: ಕಾನೂನಿನ ಕ್ರಮ ಬಿಟ್ಟು ಸ್ವಾಧೀನ ತಪ್ಪಿಸಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ, ಮಾಲೀಕರ ಮೇಲೆಯೇ ಆರು ತಿಂಗಳೊಳಗೆ ದಾವೆ ಹೂಡಲು ಅವಕಾಶವಿದೆ ಎಂದು ನಮ್ಮ ವಕೀಲರು ಎಚ್ಚರಿಸಿದರು. ಹಾಗೆ ಹೊರಹಾಕುವ ಮನಸ್ಸೂ ನಮಗೆ ಇರಲಿಲ್ಲ. ಉಳಿತಾಯವನ್ನೆಲ್ಲ ಕಳೆದುಕೊಂಡವರು ಅವರು. ಮಾತುಕತೆ ನಡೆದು ಅವರು ಮನೆ ಬಿಡುವಷ್ಟರಲ್ಲಿ, ಬೆಲೆ ಒಪ್ಪಿಕೊಂಡಿದ್ದ ಖರೀದಿದಾರರು ಹಿಂದೆ ಸರಿದಿದ್ದರು. ಆ ಸಂಸಾರಕ್ಕೆ ಹಣ ಇನ್ನೂ ವಾಪಸಾಗಿಲ್ಲ.

ಇದೇ ಬ್ರೋಕರ್ ಮೊದಲ ವಾರದಲ್ಲೇ, ಬಚ್ಚಲಿನ ಹಿಂದಿನ ಗೋಡೆಯ ತೇವಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದರೆ ಬಂದವರಿಗೆ ತಿಳಿಯುವುದೇ ಇಲ್ಲ ಎಂದಿದ್ದರು. ನಾವು ಒಪ್ಪದೆ ಪೈಪು ಬದಲಾಯಿಸಿದೆವು. ಕೊಳ್ಳುವವರಿಗೆ ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯದ, ಮಾರುವವರಿಗೆ ಗೊತ್ತಿರುವ ಮುಖ್ಯ ದೋಷವನ್ನು ತಿಳಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ ಮಾರುವವರ ಕರ್ತವ್ಯ. ಖರೀದಿದಾರರಿಂದ ದೋಷ ಮುಚ್ಚಿಡಲು ಹೇಳಿಕೊಡುವ ವ್ಯಕ್ತಿಯ ಕೈಗೆ ದಯವಿಟ್ಟು ಮನೆಯನ್ನು ಒಪ್ಪಿಸಬೇಡಿ.

ತೋರಿಸುವ ಮನೆಯಲ್ಲಿ ಫೋಟೊ, ನಾಮಫಲಕ, ಗ್ಯಾಸ್ ಪುಸ್ತಕ, ಹಳೆಯ ಬಿಲ್ಲು, ಅಂಚೆಯಲ್ಲಿ ಬಂದ ಕಾಗದ ಯಾವುದೂ ಇರಬಾರದು. ಒಬ್ಬ ಅಪರಿಚಿತ ನಿಮ್ಮ ಸಂಸಾರದ ಪರಿಚಯ ಹೇಳಿಕೊಳ್ಳಲು ಅಷ್ಟು ಸಾಕು. ದಾಖಲೆಗಳನ್ನು ಬೆಲೆಯ ಮಾತು ಮುಗಿದ ಮೇಲೆ ಖರೀದಿದಾರರಿಗೆ ಅಥವಾ ಅವರ ವಕೀಲರಿಗೆ ಮಾತ್ರ ಕೊಡಿ. ಪ್ರತಿ ಹಾಳೆಯ ಮೇಲೆ ಅಕ್ಷರಗಳ ಮೇಲೆಯೇ ಅಡ್ಡಲಾಗಿ, ಇಂಥವರಿಗೆ, ಇಂಥ ದಿನ, ಮಾರಾಟದ ಪರಿಶೀಲನೆಗೆ ಮಾತ್ರ ಎಂದು ಬರೆಯಿರಿ. ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿ ಸಾಕು. ಬಣ್ಣದವರು, ಬಡಗಿ, ಪ್ಲಂಬರ್ ಎಲ್ಲರ ಕೆಲಸ ಮುಗಿದ ಮೇಲೆ ಮುಂಬಾಗಿಲಿನ ಬೀಗವನ್ನೇ ಬದಲಾಯಿಸಿ, ಹೊಸ ಕೀಲಿಕೈಯನ್ನು ನಂಬಿಕೆಯ ನೆಂಟರ ಬಳಿ ಇಟ್ಟು, ಅವರು ಬಂದು ತೆರೆದಾಗ ಮಾತ್ರ ಮನೆ ತೋರಿಸುವ ಏರ್ಪಾಡು ಮಾಡಿಕೊಳ್ಳಿ. ಈಗ ನಮ್ಮ ಗೇಟಿಗೆ "ಈ ಮನೆ ಮಾರಾಟಕ್ಕಿದೆ, ಬಾಡಿಗೆಗೂ ಭೋಗ್ಯಕ್ಕೂ ಇಲ್ಲ" ಎಂಬ ಫಲಕವನ್ನು ನನ್ನ ಫೋನ್ ನಂಬರಿನ ಸಮೇತ ಹಾಕಿಸಿದ್ದೇವೆ. ಅಕ್ಕಪಕ್ಕದವರಿಗೂ ಅದೇ ಮಾತು ಹೇಳಿದ್ದೇವೆ. ಬೀಗ ಹಾಕಿದ ಮನೆಯ ಕರೆಂಟ್ ಬಿಲ್ಲನ್ನು ಪ್ರತಿ ತಿಂಗಳೂ ನೋಡಿ. ಬಳಕೆ ಏರಿದ್ದರೆ ಅಂದೇ ಯಾರನ್ನಾದರೂ ಕಳುಹಿಸಿ.