ಕಾಡಿನ ಹಣ, ಶಾಲೆಯ ಬಜೆಟ್ಟು: ಅಮೆರಿಕದ ಎಸ್‌ಆರ್‌ಎಸ್ ಯೋಜನೆ ಹೇಗಿದೆ?

ಅಂಕ: ಐದಕ್ಕೆ ಎರಡೂವರೆ. ಹಂಚಿಕೆಯ ಲೆಕ್ಕಾಚಾರ ಚೆನ್ನಾಗಿದೆ, ಹಣ ಕೈಸೇರುವ ಬಗೆ ಮಾತ್ರ ಕೆಟ್ಟದ್ದು. ರಾಷ್ಟ್ರೀಯ ಅರಣ್ಯ ಇರುವ ಕೌಂಟಿಗಳಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಈ ಹಣದ ಪೂರ್ತಿ ಹೆಸರು ಸೆಕ್ಯೂರ್ ರೂರಲ್ ಸ್ಕೂಲ್ಸ್. ಹೆಸರಿನಲ್ಲಿರುವ 'ಸೆಕ್ಯೂರ್' ಅನ್ನು ಅಷ್ಟಾಗಿ ನಂಬಬೇಡಿ.

ಅಲ್ಲಿನ ಶಾಲೆಗಳಿಗೆ ಆಸ್ತಿ ತೆರಿಗೆ ದೊಡ್ಡ ಆಸರೆ. ಕೇಂದ್ರದ ಅರಣ್ಯಭೂಮಿಗೆ ಆ ತೆರಿಗೆ ಇಲ್ಲ. ಕೌಂಟಿಯ ಬಹುಪಾಲು ನೆಲ ಕಾಡೇ ಆಗಿದ್ದರೆ ತೆರಿಗೆ ಹಾಕಲು ಉಳಿಯುವುದು ಒಂದಿಷ್ಟು ಮನೆ, ಅಂಗಡಿ. ಈ ಕೊರತೆ ತುಂಬಲು 1908ರ ಕಾನೂನು ಅರಣ್ಯದ ಆದಾಯದಲ್ಲಿ ಶೇ. 25ರಷ್ಟನ್ನು ಶಾಲೆ ಮತ್ತು ರಸ್ತೆಗೆಂದು ರಾಜ್ಯಗಳಿಗೆ ಕೊಟ್ಟಿತು. ಮೇಯಿಸುವ ಶುಲ್ಕ, ಪ್ರವಾಸಿಗರ ಶುಲ್ಕವೂ ಆ ಲೆಕ್ಕಕ್ಕೆ ಸೇರುತ್ತಿದ್ದವು, ಆದರೆ ದೊಡ್ಡ ಮೊತ್ತ ಬರುತ್ತಿದ್ದುದು ನಾಟಾ ಹರಾಜಿನಿಂದ.

ನಾಟಾ ನಿಂತರೆ ಪಾಲೂ ನಿಲ್ಲುತ್ತದೆ, ಆದದ್ದೂ ಅದೇ. 1987ರಲ್ಲಿ ರಾಷ್ಟ್ರೀಯ ಅರಣ್ಯಗಳಿಂದ ಸುಮಾರು 1,270 ಕೋಟಿ ಬೋರ್ಡ್ ಫುಟ್ ಮರ ಹೊರಬಿತ್ತು (ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ ಒಂದು ಬೋರ್ಡ್ ಫುಟ್). 1990ರಲ್ಲಿ ಚುಕ್ಕೆ ಗೂಬೆ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿತು, 1994ರಲ್ಲಿ ಅದರ ನೆಲೆಯಾದ ಹಳೆಯ ಕಾಡು ಉಳಿಸಲು ಮರ ಕಡಿಯುವುದಕ್ಕೆ ಮಿತಿ ಹಾಕಿದ ವಾಯುವ್ಯ ಅರಣ್ಯ ಯೋಜನೆ ಬಂತು. ಈ ಶತಮಾನದ ಆರಂಭದ ಹೊತ್ತಿಗೆ ಮರ ಕಡಿಯುವುದು ಸುಮಾರು 200 ಕೋಟಿ ಬೋರ್ಡ್ ಫುಟ್‌ಗೆ ಕುಸಿದಿತ್ತು. ಎಲ್ಲ ತಪ್ಪನ್ನೂ ಗೂಬೆಯ ತಲೆಗೆ ಕಟ್ಟುವವರಿದ್ದಾರೆ, ಆದರೆ 80ರ ದಶಕದ ಆ ವೇಗ ಹೇಗೂ ಬಹಳ ಕಾಲ ನಡೆಯುವಂಥದ್ದಲ್ಲ.

2000ದಲ್ಲಿ ಸೆನೆಟರ್‌ಗಳಾದ ರಾನ್ ವೈಡನ್ ಮತ್ತು ಲ್ಯಾರಿ ಕ್ರೇಗ್ ತಂದ ಕಾನೂನು ಮರಕ್ಕೂ ಹಣಕ್ಕೂ ಇದ್ದ ಗಂಟನ್ನು ಬಿಚ್ಚಿತು. 1986ರಿಂದ 1999ರವರೆಗೆ ಅತಿ ಹೆಚ್ಚು ಹಣ ಬಂದ ಮೂರು ವರ್ಷಗಳ ಸರಾಸರಿಯೇ ಹೊಸ ಪಾಲು. 2008ರಲ್ಲಿ ಅರಣ್ಯದ ವಿಸ್ತೀರ್ಣ ಮತ್ತು ಕೌಂಟಿಯ ತಲಾ ಆದಾಯವನ್ನೂ ಸೂತ್ರಕ್ಕೆ ಸೇರಿಸಿ, ಬಡ ಕೌಂಟಿಗಳ ಕಡೆಗೆ ಒಂದಿಷ್ಟು ವಾಲಿಸಿದರು. ನಾನು ಅಂಕ ಕೊಟ್ಟದ್ದು ಈ ಭಾಗಕ್ಕೇ.

ಬಂದ ಹಣವನ್ನು ಮೂರು ಶೀರ್ಷಿಕೆಗಳಡಿ ಖರ್ಚು ಮಾಡಬೇಕು. ಮೊದಲನೆಯದು ಶಾಲೆ-ರಸ್ತೆ, ಶೇ. 80ರಿಂದ 85. ಉಳಿದದ್ದರಲ್ಲಿ ಎರಡನೆಯದು ಸ್ಥಳೀಯ ಸಲಹಾ ಸಮಿತಿ ಆರಿಸುವ ಅರಣ್ಯ ಕೆಲಸಗಳಿಗೆ, ಮೂರನೆಯದು ಕಾಳ್ಗಿಚ್ಚಿನ ಮುಂಜಾಗ್ರತೆ, ಕಾಡಿನಲ್ಲಿ ಕಳೆದುಹೋದವರ ಹುಡುಕಾಟ ಮುಂತಾದ ಕೌಂಟಿ ಖರ್ಚಿಗೆ. ಒಂದು ಲಕ್ಷ ಡಾಲರ್‌ಗಿಂತ ಕಡಿಮೆ ಬರುವ ಕೌಂಟಿ ಪೂರ್ತಿ ಹಣವನ್ನು ಮೊದಲನೆಯದಕ್ಕೇ ಹಾಕಬಹುದು.

ಶಾಲೆಯ ಪಾಲು ಎಷ್ಟೆಂದು ತೀರ್ಮಾನಿಸುವುದು ಆಯಾ ರಾಜ್ಯ. ಕ್ಯಾಲಿಫೋರ್ನಿಯಾದಲ್ಲಿ ಶಾಲೆ-ರಸ್ತೆಗೆ ಅರ್ಧರ್ಧ. ಒರೆಗಾನ್‌ನಲ್ಲಿ ಶಾಲೆಗೆ ಕಾಲು, ರಸ್ತೆಗೆ ಮುಕ್ಕಾಲು. ಅದಕ್ಕಿಂತ ಮುಖ್ಯವಾದದ್ದು, ಆ ಕಾಲು ಪಾಲನ್ನೂ ಒರೆಗಾನ್ ಶಾಲೆಯ ಸ್ಥಳೀಯ ಆದಾಯವೆಂದು ಲೆಕ್ಕ ಹಾಕಿ ರಾಜ್ಯದ ಅನುದಾನದಲ್ಲಿ ಮುರಿದುಕೊಳ್ಳುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಪತ್ರಿಕೆಯಲ್ಲಿ 'ಕೌಂಟಿಗೆ ಇಷ್ಟು ಬಂತು' ಎಂದು ಓದಿದವರು ಈ ಎರಡನ್ನು ನೋಡದೆ ಶಾಲೆಗೆ ಎಷ್ಟು ಸಿಕ್ಕಿತೆಂದು ಹೇಳಲಾಗದು.

ಈಗ ಕೆಟ್ಟ ಸುದ್ದಿ. ಈ ಕಾನೂನಿಗೆ ಅವಧಿ ಇದೆ, ಅದು ಪದೇಪದೇ ಮುಗಿಯುತ್ತದೆ. 2006ರಲ್ಲಿ ಮೊದಲ ಅವಧಿ ಮುಗಿದ ಮೇಲೆ ಒಂದೆರಡು ವರ್ಷಗಳ ತೇಪೆಗಳೇ ಹೆಚ್ಚು. 2021ರ ಮೂಲಸೌಕರ್ಯ ಕಾನೂನು ಕೊಟ್ಟ ವಿಸ್ತರಣೆ 2023ಕ್ಕೆ ಮುಗಿಯಿತು, ಮತ್ತೆ ಜೀವ ಬಂದದ್ದು 2025ರ ಡಿಸೆಂಬರ್‌ನಲ್ಲಿ. ನಡುವಿನಲ್ಲಿ ಕೌಂಟಿಗಳು 1908ರ ಶೇ. 25ಕ್ಕೇ ವಾಪಸ್, ಅದೂ ಈಗ ಏಳು ವರ್ಷದ ಸರಾಸರಿಯ ಮೇಲೆ. ಹಿಂದೊಮ್ಮೆ ಹೀಗಾದಾಗ ಒಟ್ಟು ಮೊತ್ತ ಮೂರನೇ ಒಂದು ಭಾಗಕ್ಕೂ ಕಡಿಮೆಯಾಗಿತ್ತು. 2013ರಲ್ಲಂತೂ ಕೇಂದ್ರದ ಖರ್ಚು ಕಡಿತದ ಹೆಸರಿನಲ್ಲಿ, ಆಗಲೇ ಕೊಟ್ಟಿದ್ದ ಹಣದಲ್ಲಿ ಒಂದಂಶವನ್ನು ವಾಪಸ್ ಕೇಳಿದರು.

ಕ್ಯಾಲೆಂಡರೂ ಹೊಂದುವುದಿಲ್ಲ. ಕೇಂದ್ರದ ಹಣಕಾಸು ವರ್ಷ ಅಕ್ಟೋಬರ್‌ನಿಂದ, ಶಾಲೆಯದು ಜುಲೈನಿಂದ. ವರ್ಷ ಮುಗಿದ ಮೇಲಷ್ಟೇ ಹಣ ಬಿಡುಗಡೆ. ಕ್ಯಾಲಿಫೋರ್ನಿಯಾದಲ್ಲಿ ಮುಂದಿನ ವರ್ಷ ಬೇಡವಾಗುವ ಶಿಕ್ಷಕರಿಗೆ ಮಾರ್ಚ್ 15ರೊಳಗೆ ಮುನ್ಸೂಚನೆ ಕೊಡಬೇಕು. ವಾಷಿಂಗ್ಟನ್ನಿನಲ್ಲಿ ಮಸೂದೆ ಅಷ್ಟರೊಳಗೆ ಪಾಸಾಗದಿದ್ದರೆ ಆಡಳಿತ ಮಂಡಳಿ ಕೆಟ್ಟದ್ದನ್ನೇ ಊಹಿಸಿ ನೋಟಿಸ್ ಕಳಿಸುತ್ತದೆ. ಹಾಗಾಗಿ ಈ ಹಣದಲ್ಲಿ ಕಾಯಂ ಸಂಬಳ ಕಟ್ಟುವುದು ಜಾಣತನವಲ್ಲ. ಛಾವಣಿ, ಬಸ್ಸು, ಬಾಯ್ಲರ್‌ಗೆ ಇಟ್ಟರೆ ಒಂದು ವರ್ಷ ತಪ್ಪಿದರೂ ತರಗತಿ ನಡೆಯುತ್ತದೆ.

'ಮತ್ತೆ ಮರ ಕಡಿಯಿರಿ, ಶಾಲೆ ತಾನಾಗಿ ಬದುಕುತ್ತದೆ' ಎನ್ನುವವರು ಒಂದು ಒಳಗುಟ್ಟು ಗಮನಿಸಲಿ. ಕಾಳ್ಗಿಚ್ಚಿನ ಭಯಕ್ಕೆ ಕಾಡು ತೆಳುವಾಗಿಸುವ ಕೆಲಸವನ್ನು ಇಂದು ಬಹಳ ಕಡೆ 'ಸ್ಟುವರ್ಡ್‌ಶಿಪ್' ಗುತ್ತಿಗೆಯಲ್ಲಿ ಕೊಡುತ್ತಾರೆ. ಅಲ್ಲಿ ಮರದ ಬೆಲೆಯನ್ನು ಅದೇ ಕಾಡಿನ ಕೆಲಸದ ಖರ್ಚಿಗೆ ಹೊಂದಿಸಿಕೊಳ್ಳುತ್ತಾರೆ. ಹಾಗೆ ಉಳಿಸಿಕೊಂಡ ಹಣ ಶೇ. 25ರ ಲೆಕ್ಕಕ್ಕೇ ಬರುವುದಿಲ್ಲ. ಲಾರಿಗಟ್ಟಲೆ ದಿಮ್ಮಿ ಊರ ಮುಂದೆಯೇ ಹಾದುಹೋದರೂ ಶಾಲೆಯ ಖಾತೆಗೆ ಒಂದು ಡಾಲರೂ ಬೀಳದಿರಬಹುದು.