ದೋಣಿಗೆ ಕರೆಂಟ್ ಮೋಟಾರು: ಡ್ರಿಲ್ಲಾ, ಟ್ರೋಲಿಂಗಾ, ಇ-ರಿಕ್ಷಾದ್ದಾ?

ನಮ್ಮದು 16 ಅಡಿಯ ಫೈಬರ್ ದೋಣಿ. ಓಡಾಟವೆಲ್ಲ ಗಂಗೊಳ್ಳಿ ಅಳಿವೆಯಿಂದ ಒಳಗೆ, ಪಂಚಗಂಗಾವಳಿ ಹೊಳೆಯಲ್ಲಿ. ಕುದ್ರುವಿನಿಂದ (ಹೊಳೆ ನಡುವಿನ ದ್ವೀಪ) ತೆಂಗಿನಕಾಯಿ ತರುವುದು, ಸಂಜೆ ಗಾಳ ಹಾಕುವುದು, ಅಷ್ಟೇ. ಇಷ್ಟಕ್ಕೆ ಪೆಟ್ರೋಲ್ ಇಂಜಿನ್ ಯಾಕೆ ಅಂತ ಎರಡು ವರ್ಷದಲ್ಲಿ ಮೂರು ಬಗೆಯ ಕರೆಂಟ್ ಮೋಟಾರು ಕಟ್ಟಿ ನೋಡಿದೆ.

ಮೊದಲು ಡ್ರಿಲ್. 18 ವೋಲ್ಟಿನ ಕಾರ್ಡ್‌ಲೆಸ್ ಡ್ರಿಲ್ ಮನೆಯಲ್ಲೇ ಇತ್ತು. ಕೆಟ್ಟುಹೋದ ಕಳೆ ಕತ್ತರಿಸುವ ಮಷಿನ್ನಿನ ಪೈಪು, ಒಳಗಿನ ಸರಳು, ತುದಿಗೆ ನೀರು ತಳ್ಳಲು ಒಂದು ಸಣ್ಣ ಫ್ಯಾನು. 1,500 ರೂಪಾಯಿಯೊಳಗೆ ಮುಗಿಯಿತು. ಓಡಿತು, ಸುಳ್ಳಲ್ಲ. ಆದರೆ ಅದರ ಬ್ಯಾಟರಿ 4 ಆಂಪ್‌ಅವರ್, ಅಂದರೆ 72 ವಾಟ್‌ಅವರ್. 250 ವಾಟ್ ಎಳೆದರೆ 17 ನಿಮಿಷಕ್ಕೆ ಖಾಲಿ. ಅಷ್ಟರವರೆಗೂ ಡ್ರಿಲ್ ತಡೆಯಲಿಲ್ಲ. ಹತ್ತನೇ ನಿಮಿಷಕ್ಕೆ ಸುಟ್ಟ ವಾಸನೆ. ಗೋಡೆಗೆ ತೂತು ಹೊಡೆಯುವ ಸಾಮಾನು ಅದು, ಅಲ್ವಾ? ಹುಟ್ಟು ಹಾಕಿಕೊಂಡು ವಾಪಸ್ ಬಂದೆ.

ಎರಡನೆಯದು ರೆಡಿಮೇಡ್ ಟ್ರೋಲಿಂಗ್ ಮೋಟಾರು, ಅಂದರೆ ಗಾಳ ಹಾಕುವ ಸಣ್ಣ ದೋಣಿಗೆಂದೇ ಮಾಡಿದ ಕರೆಂಟ್ ಮೋಟಾರು. 12 ವೋಲ್ಟ್, 55 ಪೌಂಡ್ ತಳ್ಳುವ ಬಲ, ಅಂದರೆ ಸುಮಾರು 25 ಕಿಲೋ. ನನಗೆ ಬಿದ್ದದ್ದು 26,000 ರೂಪಾಯಿ, ಬ್ಯಾಟರಿ ಬೇರೆ. ಮೋಟಾರು ನೀರೊಳಗೇ ಇರುವುದರಿಂದ ತಂಪಾಗಿರುತ್ತದೆ, ಸದ್ದೇ ಇಲ್ಲ. ನಿಂತ ನೀರಿನಲ್ಲಿ ಗಂಟೆಗೆ 6 ಕಿಲೋಮೀಟರ್. ಗಾಳ ಹಾಕುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ. ನಮ್ಮ ತೊಂದರೆ ಇಳಿತದ್ದು. ನೀರು ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಹೊರಗೆ ಎಳೆಯುವಾಗ ದೋಣಿ ಮುಂದೆ ಹೋಗುವುದು ಬರೀ 2. ಫುಲ್ ಕೊಟ್ಟರೆ 50 ಆಂಪ್ ಕುಡಿಯುತ್ತದೆ. ಇನ್ವರ್ಟರಿನ 100 ಆಂಪ್‌ಅವರ್ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಅದು ಬೇಗ ಸಾಯುತ್ತದೆ. ಇಷ್ಟು ಜೋರಾಗಿ ಎಳೆದರೆ ಲೆಡ್ ಬ್ಯಾಟರಿ ಮೇಲೆ ಬರೆದಷ್ಟು ಕೊಡುವುದೂ ಇಲ್ಲ. ಹಾಗಾಗಿ ಕೈಗೆ ಸಿಗುವುದು ಮುಕ್ಕಾಲು ಗಂಟೆ.

ಮೂರನೆಯದರಲ್ಲಿ ನಾನು ಜಾಸ್ತಿ ಒದ್ದಾಡಿದ್ದು, ಈಗ ದೋಣಿಯಲ್ಲಿರುವುದೂ ಅದೇ. ಇಂಜಿನ್ ಜಾಮ್ ಆದ ಹಳೇ ಔಟ್‌ಬೋರ್ಡಿನ (ದೋಣಿಯ ಹಿಂದೆ ಸಿಕ್ಕಿಸುವ ಇಂಜಿನ್) ಕಾಲು, ಅಂದರೆ ಫ್ಯಾನು ಇರುವ ನೀರೊಳಗಿನ ಭಾಗ, ಗುಜರಿಯಲ್ಲಿ 4,500ಕ್ಕೆ ಸಿಕ್ಕಿತು. ಅದರ ತಲೆಯ ಮೇಲೆ ಇ-ರಿಕ್ಷಾದ 48 ವೋಲ್ಟ್, 1000 ವಾಟ್ ಮೋಟಾರನ್ನು ನೆಟ್ಟಗೆ ನಿಲ್ಲಿಸಿದೆ. ಮೋಟಾರು, ಕಂಟ್ರೋಲರ್, ಆಕ್ಸಿಲರೇಟರ್ ಸೇರಿ 11,000. ಕಾಲಿನೊಳಗಿನ ಗೇರು ವೇಗವನ್ನು ಅರ್ಧ ಮಾಡುತ್ತದೆ. ದೊಡ್ಡ ಫ್ಯಾನು ನಿಧಾನ ತಿರುಗಿದರೇ ನೀರನ್ನು ಚೆನ್ನಾಗಿ ತಳ್ಳುವುದು. ಡ್ರಿಲ್ಲಿನ ಪುಟಾಣಿ ಫ್ಯಾನು ಸುಮ್ನೆ ನೊರೆ ಎಬ್ಬಿಸುತ್ತಿತ್ತು.

ಕಷ್ಟವಾದದ್ದು ಎರಡು ಶಾಫ್ಟ್ ಸೇರಿಸುವುದು. ಮೊದಲು ಗಟ್ಟಿ ಕಪ್ಲಿಂಗ್ ಹಾಕಿ ಸ್ಕ್ರೂ ಬಿಗಿದೆ. ಒಂದು ಕೂದಲೆಳೆ ಓರೆ ಇತ್ತು. ಎರಡನೇ ದಿನ ನಡುನೀರಿನಲ್ಲಿ ಸ್ಕ್ರೂ ತುಂಡಾಗಿ, ಮೋಟಾರು ಮಾತ್ರ ಗಿರ್ರನೆ ತಿರುಗಿತು. ಪಕ್ಕದ ದೋಣಿಯವರು ಹಗ್ಗ ಎಸೆಯುತ್ತಾ, "ಎಂತ ಮಾರಾಯ್ರೆ, ಮಿಕ್ಸಿ ತಂದದ್ದಾ?" ಅಂದರು. ಆಮೇಲೆ ಲೇತಿನವರ ಹತ್ತಿರ ಮಧ್ಯೆ ರಬ್ಬರ್ ಇರುವ ಲವ್‌ಜಾಯ್ ಕಪ್ಲಿಂಗ್ ಕೊರೆಸಿ, ಮೋಟಾರಿನ ಅಡಿಗೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ಇಟ್ಟು ಸಮ ಮಾಡಿದೆ. ಒಂದು ವರ್ಷವಾಯಿತು, ಅಲ್ಲಾಡಿಲ್ಲ.

ಬ್ಯಾಟರಿ 48 ವೋಲ್ಟ್, 30 ಆಂಪ್‌ಅವರ್ ಲಿಥಿಯಂ ಐರನ್ ಫಾಸ್ಫೇಟ್. ಎಲ್ಲಕ್ಕಿಂತ ದುಬಾರಿ ಅದೇ. ಫುಲ್ ಕೊಟ್ಟರೆ ಗಂಟೆಗೆ 9 ಕಿಲೋಮೀಟರ್, ಒಂದೂವರೆ ಗಂಟೆಗೆ ಖಾಲಿ. 400 ವಾಟಿಗೆ ಇಳಿಸಿದರೆ ಆರೂವರೆ ಕಿಲೋಮೀಟರ್, ಮೂರೂವರೆ ಗಂಟೆ. ಅದಕ್ಕೇ ಬಲ ಜಾಸ್ತಿ ಮಾಡುವ ಆಸೆ ಬಿಟ್ಟೆ. ನಮ್ಮಂಥ ಸಣ್ಣ ದೋಣಿಯ ವೇಗ ಗಂಟೆಗೆ 10 ಕಿಲೋಮೀಟರ್ ಹತ್ತಿರ ಬಂದರೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಒದ್ದಾಡುತ್ತದೆ, ಕರೆಂಟೆಲ್ಲ ಅಲ್ಲಿಗೇ ಹೋಗುತ್ತದೆ.

ಒಂದು ಮಾತು: ಮನೆಯ ಮೀಟರ್ ಬೋರ್ಡಿನ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ತಂದು ಹಾಕಬೇಡಿ. ಬ್ಯಾಟರಿಯ ಕರೆಂಟಿಗೆ ಡಿಸಿ ಎಂಸಿಬಿಯೇ ಬೇಕು. ಇಲ್ಲದಿದ್ದರೆ ಒಳಗೆ ಕಿಡಿ ಆರುವುದಿಲ್ಲ.

ಟ್ರೋಲಿಂಗ್ ಮೋಟಾರನ್ನು ಮಾರಿಲ್ಲ. ಇ-ರಿಕ್ಷಾದ್ದು ಬಿಸಿಲು ಮಳೆಗೆ ಮಾಡಿದ್ದಲ್ಲ, ನೀಲಿ ಡ್ರಮ್ಮಿನ ತುಂಡು ಮುಚ್ಚಿ ಓಡಿಸುತ್ತಿದ್ದೇನೆ. ಕಳೆದ ಮಳೆಗಾಲ ಮುಗಿದ ಮೇಲೆ ಕಾಲಿನ ಗೇರ್ ಎಣ್ಣೆ ಬಿಚ್ಚಿದರೆ ಹಾಲು ಜಾಸ್ತಿಯಾದ ಚಹಾದ ಬಣ್ಣ. ಸೀಲ್ ಹೋಗಿ ಉಪ್ಪುನೀರು ಒಳಗೆ ಸೇರಿತ್ತು. 120 ರೂಪಾಯಿಯ ಸೀಲ್ ಹಾಕಿಸಿದೆ. ಈಗ ತಿಂಗಳಿಗೊಮ್ಮೆ ಕೆಳಗಿನ ಸ್ಕ್ರೂ ಸಡಿಲಿಸಿ ಎರಡು ಹನಿ ಬೆರಳಿಗೆ ಹಚ್ಚಿ ನೋಡುತ್ತೇನೆ.